ಗಣಿ ಬರುವ ಮೊದಲೇ ಒರತೆಗೊಂದು ಮೀಟರ್

ಹಳೆ ಗಣಿಯ ಬಾಯಿಂದ ಬಾಟಲಿಗೆ ಹಿಡಿದು ತಂದ ನೀರು ತಿಳಿಯಾಗಿತ್ತು. ಅಡುಗೆಮನೆ ಕಟ್ಟೆ ಮೇಲಿಟ್ಟು ಮಲಗಿದೆ. ಬೆಳಗ್ಗೆ ಕಾಫಿಗೆ ಎದ್ದು ನೋಡಿದರೆ ತಳದಲ್ಲಿ ಕಿತ್ತಳೆ ಬಣ್ಣದ ಕೆಸರು ಕೂತಿದೆ. "ಸಿಂಕಿಗೆ ಚೆಲ್ಬೇಡಿ ಮಾರಾಯ್ರೆ" ಎಂದು ಹೆಂಡತಿ ಹೇಳುವಷ್ಟರಲ್ಲಿ ಚೆಲ್ಲಿ ಆಗಿತ್ತು. ಬಿಳಿ ಸಿಂಕಿನ ಮೇಲೆ ಆ ಕಲೆ ಇವತ್ತಿಗೂ ಇದೆ.

ನಾವಿರುವುದು ಪಿಟ್ಸ್‌ಬರ್ಗ್‌ನ ದಕ್ಷಿಣದ ಒಂದು ಬಡಾವಣೆಯಲ್ಲಿ. ಐ-79 ಹೆದ್ದಾರಿ ಹಿಡಿದು ಒಂದು ಗಂಟೆ ಹೋದರೆ ಗ್ರೀನ್ ಕೌಂಟಿ, ಪೆನ್ಸಿಲ್ವೇನಿಯಾದ ನೈಋತ್ಯ ಮೂಲೆ. ನೆಲದ ಕೆಳಗೆ ಪಿಟ್ಸ್‌ಬರ್ಗ್ ಸೀಮ್ ಎಂಬ ಕಲ್ಲಿದ್ದಲ ಪದರ ಇದೆ. ಪಿಟ್ಸ್‌ಬರ್ಗ್ ಊರಿನ ಗುಡ್ಡದಲ್ಲಿ 1760ರ ದಶಕದಲ್ಲೇ ಇದನ್ನು ಅಗೆಯಲು ಶುರು ಮಾಡಿದ್ದರು. ಗ್ರೀನ್ ಕೌಂಟಿಯಲ್ಲಿ ಇನ್ನೂ ಅಗೆಯುತ್ತಿದ್ದಾರೆ. ನನ್ನ ಸಹೋದ್ಯೋಗಿಯ ಮಾವನವರ ಜಮೀನು ಅಲ್ಲಿದೆ. ಹಳ್ಳದ ಹೆಸರು, ಊರಿನ ಹೆಸರು ಬರೆಯುವುದು ಬೇಡ ಎಂದಿದ್ದಾರೆ, ಹಾಗಾಗಿ ಯಜಮಾನರು ಎಂದಷ್ಟೇ ಕರೆಯುತ್ತೇನೆ. ವಯಸ್ಸು ಎಪ್ಪತ್ತು ದಾಟಿದೆ. ಮೂವತ್ತು ವರ್ಷ ಗಣಿಯಲ್ಲೇ ದುಡಿದವರು. ಪಿಂಚಣಿ ಬರುವುದೂ ಅಲ್ಲಿಂದಲೇ. ಗಣಿ ಬೇಡ ಎಂದು ಫಲಕ ಹಿಡಿದು ನಿಲ್ಲುವವರಲ್ಲ. ಅವರ ಚಿಂತೆ ಒಂದೇ. ಮನೆಗೂ ಹಸುಗಳ ತೊಟ್ಟಿಗೂ ನೀರು ಬರುವುದು ಗುಡ್ಡದ ಬುಡದ ಒಂದೇ ಒರತೆಯಿಂದ. ಇನ್ನೆರಡು ವರ್ಷದಲ್ಲಿ ಲಾಂಗ್‌ವಾಲ್ ಗಣಿ ಆ ಗುಡ್ಡದ ಅಡಿಗೆ ಬರಲಿದೆ.

ಲಾಂಗ್‌ವಾಲ್ ಎಂದರೆ ಮುನ್ನೂರು ಮೀಟರಿಗೂ ಅಗಲವಾದ, ಕಿಲೋಮೀಟರುಗಟ್ಟಲೆ ಉದ್ದದ ಪಟ್ಟಿಯನ್ನು ಪೂರ್ತಿ ಕೆರೆದು ತೆಗೆಯುವ ಪದ್ಧತಿ. ಕಂಬ ಬಿಡುವುದಿಲ್ಲ. ಯಂತ್ರ ಮುಂದೆ ಹೋದ ಹಾಗೆ ಹಿಂದಿನ ಚಾವಣಿ ಕುಸಿಯುತ್ತದೆ. ಕುಸಿಯಲಿ ಎಂದೇ ಬಿಡುವುದು. ಮೇಲಿನ ನೆಲ ಒಂದು ಮೀಟರಿಗಿಂತ ಜಾಸ್ತಿ ಇಳಿಯಬಹುದು. ಬಂಡೆ ಬಿರುಕು ಬಿಟ್ಟರೆ ಒರತೆ ಬತ್ತಬಹುದು, ಇನ್ನೂ ಕೆಳಗೆ ಎಲ್ಲೋ ಹೊಸದಾಗಿ ಉಕ್ಕಬಹುದು, ಏನೂ ಆಗದೆಯೂ ಇರಬಹುದು.

ನನಗೆ ಇದರಲ್ಲಿ ಯಾಕೆ ಆಸಕ್ತಿ ಅಂದರೆ, ನಾನು ಹುಟ್ಟಿ ಬೆಳೆದದ್ದು ವಿಟ್ಲದ ಹತ್ತಿರ. ನಮ್ಮ ಮನೆಗೆ ಬಾವಿ ಇಲ್ಲ, ಸುರಂಗ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಕೊರೆದ ಬಿಲ. ಅಜ್ಜನ ಕಾಲದಲ್ಲಿ ಪಿಕ್ಕಾಸು ಹಿಡಿದು, ಗಾಳಿ ಉಂಟಾ ಇಲ್ಲವಾ ನೋಡಲು ದೀಪ ಇಟ್ಟುಕೊಂಡು ತೋಡಿದ್ದು. ಒಳಗೆ ಜಿನುಗಿದ ನೀರು ತಾನೇ ಹರಿದು ಹೊರಗೆ ಬರುತ್ತದೆ. ಮೊದಲು ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ಬರುತ್ತಿತ್ತು, ಈಗ ಪಿವಿಸಿ ಪೈಪಿನಲ್ಲಿ. ಯಜಮಾನರ ಜಮೀನಿನ ಕೆಳತುದಿಯಲ್ಲಿ ಹಳೆಯ, ಯಾರೂ ದಿಕ್ಕಿಲ್ಲದ ಗಣಿಯ ಬಾಯಿ ಇದೆ. ಅದನ್ನು ಮೊದಲ ಸಲ ನೋಡಿದಾಗ ಮನೆ ಸುರಂಗವೇ ನೆನಪಾಯಿತು. ಅದೇ ಎತ್ತರ, ಅದೇ ತಂಪು, ಅದೇ ಸಣ್ಣ ಸದ್ದು. ಆದರೆ ಹತ್ತು ಹೆಜ್ಜೆ ಕೆಳಗೆ ಹಳ್ಳದ ಕಲ್ಲುಗಳೆಲ್ಲ ಕಿತ್ತಳೆ.

ಕಲ್ಲಿದ್ದಲ ಜೊತೆ ಪೈರೈಟ್ ಇರುತ್ತದೆ, ಕಬ್ಬಿಣ ಗಂಧಕ ಸೇರಿದ ಹೊಳೆಯುವ ಕಲ್ಲು. ಗಾಳಿ ತಾಗದೆ ಇದ್ದಷ್ಟು ದಿನ ಅದರ ಪಾಡಿಗೆ ಅದು ಇರುತ್ತದೆ. ಅಗೆದು ಗಾಳಿ ನೀರು ಎರಡನ್ನೂ ತಾಗಿಸಿದರೆ ಕಬ್ಬಿಣ ಕರಗುತ್ತದೆ, ಗಂಧಕ ಸಲ್ಫೇಟ್ ಆಗುತ್ತದೆ, ಆಮ್ಲ ಹುಟ್ಟುತ್ತದೆ. ಕೆಲವು ಬ್ಯಾಕ್ಟೀರಿಯಾ ಈ ಕೆಲಸಕ್ಕೆ ವೇಗ ಕೊಡುತ್ತವೆ. ಗಣಿಯೊಳಗೆ ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಕಬ್ಬಿಣ ಕಣ್ಣಿಗೆ ಕಾಣದೆ ಕರಗಿಯೇ ಹೊರಬರುತ್ತದೆ. ಗಾಳಿ ತಾಗಿದ ಮೇಲೆ ತುಕ್ಕಾಗಿ ಕೂರುತ್ತದೆ. ನನ್ನ ಸಿಂಕಿನಲ್ಲಿ ಆದದ್ದೂ ಅದೇ. ಇಲ್ಲಿಯವರು ಆ ಕೆಸರಿಗೆ 'ಯೆಲ್ಲೋ ಬಾಯ್' ಅನ್ನುತ್ತಾರೆ.

ಏನು ಅಳೆಯುವುದು?

ನವೆಂಬರಿನಲ್ಲಿ ಮೊದಲ ಸಲ ಹೋದಾಗ ಜೇಬಲ್ಲಿ ಒಂದು ಅಗ್ಗದ ಪಿಎಚ್ ಪೆನ್ ಇತ್ತು, ನೀರು ಎಷ್ಟು ಆಮ್ಲ ಎಂದು ತೋರಿಸುವುದು, 7ಕ್ಕಿಂತ ಕೆಳಗೆ ಹೋದಷ್ಟೂ ಆಮ್ಲ ಜಾಸ್ತಿ. ಗಣಿ ಬಾಯಲ್ಲಿ ಅದ್ದಿದೆ, 6.4 ತೋರಿಸಿತು. ಅಷ್ಟೇನಾ, ಪರವಾಗಿಲ್ಲ ಅಂದುಕೊಂಡೆ. ತಪ್ಪು. ಇಲ್ಲಿನ ಬಂಡೆಗಳ ನಡುವೆ ಸುಣ್ಣದ ಕಲ್ಲು ಇದೆ, ಅದು ಆಮ್ಲವನ್ನು ಸರಿದೂಗಿಸಿಬಿಡುತ್ತದೆ. ಪಿಎಚ್ ಸಾಧುವಾಗಿ ಕಂಡರೂ ಕಬ್ಬಿಣ, ಸಲ್ಫೇಟ್ ಹಾಗೇ ಇರುತ್ತವೆ. ಅದೇ ನೀರನ್ನು ಆಮೇಲೆ ಲ್ಯಾಬಿಗೆ ಕೊಟ್ಟಾಗ ಕಬ್ಬಿಣ ಲೀಟರಿಗೆ 22 ಮಿಲಿಗ್ರಾಂ, ಸಲ್ಫೇಟ್ 640 ಬಂತು. ಕುಡಿಯುವ ನೀರಿನ ರುಚಿ, ಬಣ್ಣ, ಕಲೆಗಳ ಲೆಕ್ಕಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹಾಕಿರುವ ಗೆರೆ ಕಬ್ಬಿಣಕ್ಕೆ 0.3, ಸಲ್ಫೇಟಿಗೆ 250.

ಪಿಎಚ್ ಪ್ರೋಬನ್ನು ತಿಂಗಳುಗಟ್ಟಲೆ ನೀರಲ್ಲಿ ಬಿಡುವುದೂ ಕಷ್ಟ. ಗಾಜಿನ ತುದಿ, ಪದೇ ಪದೇ ಸರಿ ಮಾಡಬೇಕು, ಹೆಪ್ಪುಗಟ್ಟಿದರೆ ಒಡೆಯುತ್ತದೆ. ಅದಕ್ಕೆ ವಿದ್ಯುತ್ ವಾಹಕತೆ ಹಿಡಿದೆ. ನೀರಲ್ಲಿ ಕರಗಿದ ಲವಣ ಜಾಸ್ತಿಯಾದಷ್ಟು ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಯಾವ ಲವಣ ಎಂದು ಹೇಳುವುದಿಲ್ಲ, ಆದರೆ ಏನೋ ಬದಲಾಯಿತು ಎಂದು ಮೊದಲು ಕೂಗುವುದು ಅದೇ. ಎರಡು ತಿರುಪು, ಒಂದು ರೆಸಿಸ್ಟರ್ ಇದ್ದರೆ ಸಾಕು. ಅಪಲೇಚಿಯನ್ ಗುಡ್ಡಗಳ ಹಳ್ಳಗಳಲ್ಲಿ ನಾಜೂಕು ಹುಳುಗಳು ಉಳಿಯಬೇಕಾದರೆ ಈ ವಾಹಕತೆ ಸೆಂಟಿಮೀಟರಿಗೆ 300 ಮೈಕ್ರೋಸೀಮೆನ್ಸ್ ಒಳಗಿರಬೇಕು ಎಂದು ಇಪಿಎ 2011ರಲ್ಲಿ ಹೇಳಿತ್ತು. ಅದು ವೆಸ್ಟ್ ವರ್ಜೀನಿಯಾ, ಕೆಂಟಕಿ ಕಡೆಯ ಹಳ್ಳಗಳನ್ನು ನೋಡಿ ಹಾಕಿದ ಗೆರೆ, ನಮ್ಮ ಹಳ್ಳಕ್ಕೆ ಹಾಗೇ ಹಚ್ಚಲು ಬರುವುದಿಲ್ಲ. ಒಂದು ಅಂದಾಜಿಗೆ ಇರಲಿ.

ಈ ಜಿಲ್ಲೆಯವರಿಗೆ ವಾಹಕತೆ ಹೊಸ ಪದವೇನಲ್ಲ. 2009ರ ಸೆಪ್ಟೆಂಬರಿನಲ್ಲಿ ಇಲ್ಲೇ ರಾಜ್ಯದ ಗಡಿಯ ಡಂಕರ್ಡ್ ಕ್ರೀಕ್‌ನಲ್ಲಿ ಸುಮಾರು 40 ಮೈಲಿ ಉದ್ದಕ್ಕೆ ಮೀನು, ಕಪ್ಪೆಚಿಪ್ಪು ಎಲ್ಲ ಸತ್ತವು. ಸಮುದ್ರ ತೀರದ ಉಪ್ಪುನೀರಿನಲ್ಲಿ ಬೆಳೆಯುವ ಬಂಗಾರದ ಬಣ್ಣದ ಪಾಚಿ ಈ ಬೆಟ್ಟದ ಹೊಳೆಯಲ್ಲಿ ಹಬ್ಬಿತ್ತು. ಹೊಳೆ ಅಷ್ಟು ಉಪ್ಪಾಗಿತ್ತು. ಯಜಮಾನರು ಆ ವಾರ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೋಗಿ ನೋಡಿ ಬಂದಿದ್ದರಂತೆ.

ಮೇಜಿನ ಮೇಲೆ

ವಾಹಕತೆ ಅಳೆದು ತಾನೇ ಬರೆದಿಡುವ ಪೆಟ್ಟಿಗೆ ಕಟ್ಟುತ್ತಾ ಡಿಸೆಂಬರ್ ಪೂರ್ತಿ ಗ್ಯಾರೇಜಿನಲ್ಲಿ ಕಳೆಯಿತು. ರೆಡಿಮೇಡ್ ಬೇಕು ಅನ್ನುವವರಿಗೆ ಇದೇ ರಾಜ್ಯದ ಸ್ಟ್ರೌಡ್ ಜಲ ಸಂಶೋಧನಾ ಕೇಂದ್ರದವರ 'ಮೇಫ್ಲೈ' ಬೋರ್ಡ್ ಇದೆ, ನಕ್ಷೆಯೂ ಮುಕ್ತವಾಗಿದೆ. ದುಡ್ಡಿದ್ದರೆ ಅದನ್ನೇ ಕೊಳ್ಳಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನನಗೆ ಕೈ ತುರಿಸುತ್ತಿತ್ತು.

ಮಿದುಳು 3.3 ವೋಲ್ಟಿನ ಆರ್ಡುಯಿನೋ ಪ್ರೊ ಮಿನಿ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಗಡಿಯಾರ ಡಿಎಸ್3231, ಕಾಲು ಗಂಟೆಗೊಮ್ಮೆ ಅಲಾರಂ ಕೊಟ್ಟು ಎಬ್ಬಿಸುತ್ತದೆ. ಉಷ್ಣತೆಗೆ ಡಿಎಸ್18ಬಿ20. ಬರೆದಿಡಲು ಮೈಕ್ರೋ ಎಸ್‌ಡಿ ಕಾರ್ಡ್. ಕಾರ್ಡು ನಿದ್ದೆಯಲ್ಲೂ ಕರೆಂಟ್ ಕುಡಿಯುತ್ತದೆ, ಅದಕ್ಕೆ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಹಾಕಿ ಕೆಲಸ ಇಲ್ಲದಾಗ ಪೂರ್ತಿ ಆರಿಸುತ್ತೇನೆ. ಬೋರ್ಡಿನ ಪವರ್ ಎಲ್‌ಇಡಿ ಕಿತ್ತು ಹಾಕಿದೆ. ಎಲ್ಲ ಸೇರಿ ನಿದ್ದೆಯಲ್ಲಿ 0.15 ಮಿಲಿಆಂಪ್. ಎಚ್ಚರ ಇರುವುದು ಎರಡು ಸೆಕೆಂಡ್, ಆಗ 30. ಸರಾಸರಿ 0.22 ಬಂತು. ಮೂರು ಲೀಥಿಯಂ ಎಎ ಸೆಲ್‌ಗಳಿಗೆ ಕಾಗದದ ಲೆಕ್ಕದಲ್ಲಿ ಒಂದೂವರೆ ವರ್ಷ. ಮತ್ತೆ ಚಾರ್ಜ್ ಮಾಡುವ ಸೆಲ್, ಸೋಲಾರ್ ಬೇಡ ಅಂತ ಬಿಟ್ಟೆ. ಸೊನ್ನೆಗಿಂತ ಕೆಳಗೆ ಲೀಥಿಯಂ ಅಯಾನ್ ಸೆಲ್ ಚಾರ್ಜ್ ಮಾಡಿದರೆ ಅದು ಹಾಳಾಗುತ್ತದೆ. ಇಲ್ಲಿ ಜನವರಿ ರಾತ್ರಿಗಳು ಹೆಚ್ಚಾಗಿ ಸೊನ್ನೆಗಿಂತ ಕೆಳಗೆ.

ವಾಹಕತೆಯ ಪ್ರೋಬ್ ಮನೆಯಲ್ಲೇ ಮಾಡಿದ್ದು. 316 ದರ್ಜೆಯ ಸ್ಟೇನ್‌ಲೆಸ್ ತಿರುಪು ಎರಡು, ನೈಲಾನ್ ತುಂಡಿನಲ್ಲಿ ಒಂದು ಸೆಂಟಿಮೀಟರ್ ದೂರದಲ್ಲಿ ಕೂರಿಸಿ, ಹಿಂಬದಿಗೆ ಎಪಾಕ್ಸಿ ಸುರಿದೆ. ಸಾಲಿನಲ್ಲಿ ಒಂದು ಕಿಲೋ ಓಮ್ ರೆಸಿಸ್ಟರ್.

ಮೊದಲ ದಿನ ಬುದ್ಧಿ ಇಲ್ಲದೆ ಒಂದೇ ದಿಕ್ಕಿನ ಕರೆಂಟ್ ಕೊಟ್ಟು ಅಳೆದೆ. ವಾಹಕತೆ 1413 ಎಂದು ಮೊದಲೇ ಗೊತ್ತಿರುವ ಮಾದರಿ ದ್ರಾವಣದಲ್ಲಿ ಅದ್ದಿದರೆ ನಿಮಿಷದೊಳಗೆ ಅಂಕಿ 900ಕ್ಕೆ ಜಾರಿತು. ಒಂದು ತಿರುಪಿನ ತುದಿಯಲ್ಲಿ ಸಣ್ಣ ಗುಳ್ಳೆ. ಬ್ಯಾಟರಿಯ ಹಾಗೆ ತಿರುಪಿನ ಮೇಲೇ ಎದುರು ವೋಲ್ಟೇಜ್ ಕಟ್ಟಿಕೊಳ್ಳುತ್ತದೆ. ಆಮೇಲೆ ಎರಡು ಪಿನ್ನುಗಳನ್ನು ಅದಲು ಬದಲು ಮಾಡಿ, ಅರ್ಧ ಮಿಲಿಸೆಕೆಂಡ್ ಆ ಕಡೆ, ಅರ್ಧ ಈ ಕಡೆ, ಎರಡೂ ಸಲ ಓದಿ ಸರಾಸರಿ ತೆಗೆದೆ. ಅಂಕಿ ನಿಂತಿತು.

1413 ಎಂಬ ಅಂಕಿ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಲೀಟರ್ ಶುದ್ಧ ನೀರಿಗೆ 0.7455 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ 25 ಡಿಗ್ರಿಯಲ್ಲಿ ಬರುವ ವಾಹಕತೆ ಅದು. 25 ಡಿಗ್ರಿ ಎನ್ನುವುದನ್ನು ಮರೆಯಬಾರದು. ಒರತೆ ನೀರು ವರ್ಷವಿಡೀ ಹೆಚ್ಚುಕಡಿಮೆ 11.6 ಡಿಗ್ರಿ. ತಣ್ಣಗಿನ ನೀರಲ್ಲಿ ವಿದ್ಯುತ್ ನಿಧಾನ, ಡಿಗ್ರಿಗೆ ಸುಮಾರು ಶೇಕಡಾ 2 ಕಡಿಮೆ. ಪ್ರೋಬ್ 300 ಎಂದರೆ, 25ಕ್ಕೆ 13.4 ಡಿಗ್ರಿ ಕಡಿಮೆ, 0.732ರಿಂದ ಭಾಗಿಸು, 410. ಬರೆದಿಡುವುದು 410. ಕಚ್ಚಾ 300ನ್ನೂ ಪಕ್ಕದಲ್ಲೇ ಬರೆದಿಡುತ್ತೇನೆ, ಯಾಕೆಂದರೆ ನಾಳೆ ಲೆಕ್ಕದಲ್ಲಿ ತಪ್ಪು ಸಿಕ್ಕರೆ ಕಚ್ಚಾ ಅಂಕಿ ಇಲ್ಲದೆ ಸರಿಪಡಿಸಲು ಆಗುವುದಿಲ್ಲ.

ಹಳ್ಳದ ಪೆಟ್ಟಿಗೆ ಮೊದಲು ತಯಾರಾಯಿತು. ನಾಲ್ಕು ಇಂಚು ಪಿವಿಸಿ ಪೈಪಿನ ತುಂಡು, ಒಂದು ಕಡೆ ಅಂಟು ಹಾಕಿದ ಮುಚ್ಚಳ, ಇನ್ನೊಂದು ಕಡೆ ತಿರುಗಿಸುವ ಮುಚ್ಚಳ. ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಜನವರಿ ಕೊನೆಯ ಶನಿವಾರ, ಗಣಿ ನೀರು ಹಳ್ಳಕ್ಕೆ ಸೇರುವ ಜಾಗದ ಸ್ವಲ್ಪ ಕೆಳಗೆ, ಕಬ್ಬಿಣದ ಗೂಟ ಬಡಿದು ಕಟ್ಟಿದೆ. ಬೆರಳುಗಳಿಗೆ ಜೀವ ಬರಲು ಯಜಮಾನರ ಅಡುಗೆಮನೆಯಲ್ಲಿ ಎರಡು ಲೋಟ ಕಾಫಿ ಬೇಕಾಯಿತು.

ಫೆಬ್ರವರಿಯ ಸುಳ್ಳು ಗಾಬರಿ

ಎರಡು ವಾರ ಬಿಟ್ಟು ಹೋಗಿ ಕಾರ್ಡ್ ತಂದೆ. ಮನೆಯಲ್ಲಿ ಗೆರೆ ಎಳೆದು ನೋಡಿದರೆ ಎದೆ ಧಸಕ್ಕೆಂದಿತು. ಮಾಮೂಲಿ 900ರ ಸುತ್ತ ಇದ್ದದ್ದು ಒಂದು ಮಧ್ಯಾಹ್ನ 2,600ಕ್ಕೆ ಹಾರಿದೆ. ಆರು ಗಂಟೆ ಅಲ್ಲೇ ನಿಂತು ಇಳಿದಿದೆ. ಸಿಕ್ಕಿಬಿದ್ದರು ಅಂದುಕೊಂಡೆ. ಯಾರು, ಏನು ಎಂದು ಕೇಳಬೇಡಿ, ಆ ಹೊತ್ತಿಗೆ ನನ್ನ ತಲೆಯಲ್ಲಿ ದೂರು ಪತ್ರದ ಮೊದಲ ಸಾಲು ಆಗಲೇ ತಯಾರಾಗಿತ್ತು.

ಪತ್ರ ಬರೆಯದಿದ್ದದ್ದು ಪುಣ್ಯ. ಅದೇ ಗೆರೆಯ ಕೆಳಗೆ ಉಷ್ಣತೆಯ ಗೆರೆಯೂ ಇತ್ತು. ಅವತ್ತು ಹಿಮ ಕರಗಿದ ದಿನ. ಹಳ್ಳ ತುಂಬಿ ಹರಿದಿತ್ತು. ಗಣಿಯ ಬಾಯಿಂದ ಬರುವ ನೀರು ಹೆಚ್ಚುಕಡಿಮೆ ಒಂದೇ ಸಮ. ಮಳೆ ನೀರು, ಹಿಮದ ನೀರು ಬಂದು ಸೇರಿದರೆ ಅದು ತೆಳುವಾಗಬೇಕು, ಅಂಕಿ ಇಳಿಯಬೇಕು. ಇಲ್ಲಿ ನೀರು ಏರಿದಾಗ ಅಂಕಿಯೂ ಏರಿದೆ. ಹಾಗಾದರೆ ಅದು ಮೇಲಿಂದ ತೊಳೆದುಕೊಂಡು ಬಂದದ್ದು, ನೆಲದ ಒಳಗಿಂದ ಬಂದದ್ದಲ್ಲ. ಹಳ್ಳದ ಮೇಲ್ಭಾಗದಲ್ಲಿ ಡಾಂಬರು ರಸ್ತೆ ಇದೆ. ಹಿಮ ಬಿದ್ದರೆ ಲಾರಿಗಟ್ಟಲೆ ಉಪ್ಪು ಸುರಿಯುತ್ತಾರೆ.

ಮುಂದಿನ ಹಿಮ ಕರಗುವ ದಿನ ಕಾದು, ರಜೆ ಹಾಕಿ ಹೋದೆ. ಉಪ್ಪಿನಲ್ಲಿರುವ ಕ್ಲೋರೈಡ್ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಪಟ್ಟಿ ಅದ್ದಿದರೆ ಬಣ್ಣ ತುದಿಯವರೆಗೆ ಏರಿತು. ಸಲ್ಫೇಟ್ ಪಟ್ಟಿ ಎಂದಿಗಿಂತ ಕಡಿಮೆ. ಗಣಿ ನೀರಾಗಿದ್ದರೆ ಸಲ್ಫೇಟ್ ಏರಬೇಕಿತ್ತು. ಅಡುಗೆ ಉಪ್ಪೇ, ರಸ್ತೆಯದ್ದು.

ಅಂದಿನಿಂದ ಎರಡು ನಿಯಮ ಮಾಡಿಕೊಂಡೆ. ವಾಹಕತೆ ಹಾರಿದರೆ ಮೊದಲು ನೀರಿನ ಮಟ್ಟ ನೋಡುವುದು. ಆಮೇಲೆ ಎರಡೂ ಪಟ್ಟಿ ಅದ್ದುವುದು. ಯಾರ ಹೆಸರನ್ನಾದರೂ ಬಾಯಿಗೆ ತರುವುದು ಇದೆಲ್ಲ ಆದ ಮೇಲೆ.

ಒರತೆಯ ಪೆಟ್ಟಿಗೆ

ಒರತೆಗೆ ಬರೀ ವಾಹಕತೆ ಸಾಲದು. ಲಾಂಗ್‌ವಾಲ್ ಕೆಳಗೆ ಹಾದುಹೋದಾಗ ಮೊದಲು ಹೋಗುವುದು ನೀರಿನ ಪ್ರಮಾಣ. ಹಾಗಾಗಿ ಹರಿವು ಅಳೆಯಬೇಕು.

ಒರತೆ ಇರುವುದು ಕಲ್ಲಿನ ಪುಟ್ಟ ಕೋಣೆಯೊಳಗೆ. ಫ್ರಿಜ್ ಇಲ್ಲದ ಕಾಲದಲ್ಲಿ ಹಾಲು ಬೆಣ್ಣೆ ತಣ್ಣಗಿಡಲು ಇಲ್ಲಿನ ರೈತರೆಲ್ಲ ಹೀಗೆ ಒರತೆಯ ಮೇಲೆ ಮನೆ ಕಟ್ಟುತ್ತಿದ್ದರು. ಒಳಗೆ ಕಲ್ಲಿನ ತೊಟ್ಟಿ. ಅಲ್ಲಿಂದ ಒಂದು ಪೈಪ್ ಮನೆಗೆ ಹೋಗುತ್ತದೆ, ಮಿಕ್ಕದ್ದು ಹಸುಗಳ ತೊಟ್ಟಿಗೆ. ಮಿಕ್ಕ ನೀರಿನ ದಾರಿಯಲ್ಲಿ ದೊಡ್ಡ ಪ್ಲಾಸ್ಟಿಕ್ ಡಬ್ಬ ಇಟ್ಟೆ. ಡಬ್ಬದ ಎದುರು ಗೋಡೆಗೆ ಅಲ್ಯುಮಿನಿಯಂ ತಗಡು, ಅದರಲ್ಲಿ 90 ಡಿಗ್ರಿಯ ವಿ ಆಕಾರದ ಕಚ್ಚು. ಕಚ್ಚಿನಲ್ಲಿ ನೀರು ಎಷ್ಟು ಎತ್ತರ ನಿಲ್ಲುತ್ತದೆ ಎಂದು ನೋಡಿದರೆ ಎಷ್ಟು ಹರಿಯುತ್ತಿದೆ ಎಂದು ಲೆಕ್ಕ ಹಾಕಬಹುದು. ಎತ್ತರದ ಎರಡೂವರೆ ಘಾತಕ್ಕೆ ಹರಿವು ಏರುತ್ತದೆ. ಅಂದರೆ ನಾಲ್ಕು ಸೆಂಟಿಮೀಟರ್ ನೀರಿನಲ್ಲಿ ಒಂದು ಮಿಲಿಮೀಟರ್ ತಪ್ಪು ಅಳೆದರೆ ಹರಿವಿನ ಲೆಕ್ಕ ಶೇಕಡಾ 6 ತಪ್ಪುತ್ತದೆ. ಸ್ಕೇಲ್ ಹಿಡಿದು ಕಣ್ಣಂದಾಜಿಗೆ ನೋಡುವ ಕೆಲಸ ಅಲ್ಲ ಇದು.

ಎತ್ತರಕ್ಕೆ ಎಂಎಸ್5837 ಒತ್ತಡದ ಸೆನ್ಸರ್ ಹಾಕಿದೆ, 2 ಬಾರ್‌ನದ್ದು. ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ನೀರಿನ ಏರಿಳಿತವನ್ನೂ ಹಿಡಿಯುತ್ತದೆ. ಆದರೆ ಅದು ಅಳೆಯುವುದು ನೀರು ಮತ್ತು ಗಾಳಿ ಎರಡರ ಭಾರ. ಗಾಳಿಯ ಒತ್ತಡ ಒಂದು ಹೆಕ್ಟೋಪಾಸ್ಕಲ್ ಬದಲಾದರೆ ಒಂದು ಸೆಂಟಿಮೀಟರ್ ನೀರಿನ ಲೆಕ್ಕ. ಒಂದು ಬಿರುಗಾಳಿ ಬರುವಾಗ ಹದಿನೈದು ಇಳಿಯಬಹುದು. ನನ್ನ ಕಚ್ಚಿನಲ್ಲಿ ಇರುವುದೇ ನಾಲ್ಕು ಸೆಂಟಿಮೀಟರ್! ಗಾಳಿಯನ್ನು ಕಳೆಯದೆ ಬಿಟ್ಟರೆ ಒರತೆ ಮೈನಸ್‌ನಲ್ಲಿ ಹರಿಯುತ್ತದೆ. ಗ್ಯಾರೇಜಿನಲ್ಲಿ ಬಕೆಟ್ ಇಟ್ಟು ನೋಡಿದಾಗ ಹಾಗೇ ಆಯಿತು, ರಾತ್ರಿ ಮಳೆ ಬಂದು ಬೆಳಗ್ಗೆ ಬಕೆಟ್ ಖಾಲಿ ಎಂದು ತೋರಿಸಿತು.

ಸರಿ, ಗಾಳಿಗೂ ಇನ್ನೊಂದು ಅದೇ ಸೆನ್ಸರ್ ತಂದೆ. ಎರಡೂ ಒಂದೇ ತಂತಿಯಲ್ಲಿ ಕೂತು ಒಟ್ಟಿಗೆ ಮಾತಾಡತೊಡಗಿದವು. ಒಂದೇ ತಂತಿಯಲ್ಲಿ ಕೂರುವ ಸೆನ್ಸರುಗಳಿಗೆ ಬೇರೆ ಬೇರೆ ವಿಳಾಸ ಬೇಕು, ಈ ಸೆನ್ಸರಿನ ವಿಳಾಸ ಹೆಕ್ಸ್ 76, ಬದಲಾಯಿಸಲು ಬರುವುದಿಲ್ಲ. ಕೊಳ್ಳುವ ಮೊದಲು ಡೇಟಾ ಶೀಟ್ ಓದಬೇಕಿತ್ತು, ಓದಲಿಲ್ಲ. ಕೊನೆಗೆ ಗಾಳಿಗೆ ಬಿಎಂಇ280 ಎಂಬ ಬೇರೆ ಒತ್ತಡದ ಸೆನ್ಸರ್ ಹಾಕಿದೆ. ಅದೂ ಪೆಟ್ಟಿಗೆಯಿಂದ ಬರುವಾಗ 76ರಲ್ಲೇ ಇರುತ್ತದೆ, ಆದರೆ ಎಸ್‌ಡಿಒ ಕಾಲನ್ನು 3.3 ವೋಲ್ಟಿಗೆ ಕಟ್ಟಿದರೆ 77 ಆಗುತ್ತದೆ. ಎರಡನ್ನೂ ಒಂದು ರಾತ್ರಿ ಒಂದೇ ಮೇಜಿನ ಮೇಲೆ ಗಾಳಿಯಲ್ಲಿಟ್ಟು, ಎಷ್ಟು ವ್ಯತ್ಯಾಸ ಬರುತ್ತದೆ ಎಂದು ನೋಡಿ ಅದನ್ನು ಕಳೆಯುವಂತೆ ಬರೆದೆ.

ಮಾರ್ಚ್ ಎರಡನೇ ವಾರ ಕೂರಿಸಿದೆ. ಕಚ್ಚಿನಲ್ಲಿ ನಾಲ್ಕು ಸೆಂಟಿಮೀಟರ್ ನೀರು. ಸೂತ್ರದ ಪ್ರಕಾರ ನಿಮಿಷಕ್ಕೆ 26.5 ಲೀಟರ್. ಐದು ಗ್ಯಾಲನ್ ಬಕೆಟ್ ಹಿಡಿದು ಸೆಕೆಂಡ್ ಎಣಿಸಿದರೆ 47 ಸೆಕೆಂಡಿಗೆ ತುಂಬಿತು, ಅಂದರೆ 24 ಲೀಟರ್. ಮೂರು ಸಲ ಮಾಡಿದೆ, ಮೂರು ಸಲವೂ 47ರ ಹಿಂದೆ ಮುಂದೆ. ಇಷ್ಟು ಸಣ್ಣ ಹರಿವಿನಲ್ಲಿ ನೀರು ತಗಡಿಗೇ ಅಂಟಿಕೊಂಡು ಇಳಿಯುತ್ತದೆ, ಸೂತ್ರ ಅಷ್ಟು ನಂಬಿಕೆಗೆ ಬರುವುದಿಲ್ಲ. ತಗಡಿನ ಅಂಚನ್ನು ಅರದಿಂದ ಚೂಪು ಮಾಡಿದೆ, ಸ್ವಲ್ಪ ಸರಿಯಾಯಿತು. ಆದರೂ ನಾನು ನಂಬುವುದು ಬಕೆಟ್ಟನ್ನೇ. ಪ್ರತಿ ಸಲ ಹೋದಾಗ ಬಕೆಟ್ ಅಳತೆ ಮಾಡಿ, ಅದಕ್ಕೆ ತಕ್ಕ ಹಾಗೆ ಸೆನ್ಸರಿನ ಲೆಕ್ಕವನ್ನು ಎಳೆಯುತ್ತೇನೆ.

ಒಂದು ವಾರದ ಗೆರೆ ನೋಡಿದರೆ ದಿನಾ ಬೆಳಗ್ಗೆ ಆರಕ್ಕೆ ಒಂದು ಗುಂಡಿ, ಸಂಜೆ ಏಳಕ್ಕೆ ಇನ್ನೊಂದು. ಭೂಮಿಯ ಉಸಿರಾಟವೋ ಏನೋ ಎಂದು ಒಂದು ಗಂಟೆ ಹುಡುಕಾಡಿದೆ. ಯಜಮಾನರ ಸ್ನಾನದ ಹೊತ್ತು ಅದು. ಮನೆಗೆ ಪಂಪ್ ಎಳೆದಾಗ ಮಿಕ್ಕ ನೀರು ಕಮ್ಮಿಯಾಗುತ್ತದೆ. ಅವರಿಗೆ ಹೇಳಿದಾಗ ನಕ್ಕರು, ಆದರೆ ಮುಖ ಸ್ವಲ್ಪ ಕೆಂಪಾಯಿತು. ಅಂದಿನಿಂದ ರಾತ್ರಿ ಎರಡರಿಂದ ನಾಲ್ಕರ ಅಂಕಿಗಳನ್ನು ಮಾತ್ರ ಹರಿವಿನ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಉಳಿದದ್ದನ್ನು ನೋಡುವುದೂ ಇಲ್ಲ, ಯಾರಿಗೂ ತೋರಿಸುವುದೂ ಇಲ್ಲ.

ಕೆಟ್ಟದ್ದು, ರಿಪೇರಿ ಮಾಡಿದ್ದು

ಏಪ್ರಿಲ್. ಹಳ್ಳದ ಪೆಟ್ಟಿಗೆ ಸತ್ತಿದೆ. ಮುಚ್ಚಳ ಬಿಗಿಯಾಗಿದೆ, ನೀರು ತಡೆಯುವ ರಬ್ಬರ್ ಬಳೆ, ಓ-ರಿಂಗ್, ಚೆನ್ನಾಗಿದೆ, ಆದರೂ ಒಳಗೆ ಒಂದು ಚಮಚ ನೀರು. ಎಲ್ಲಿಂದ? ಪ್ರೋಬಿನ ಕೇಬಲ್ ಸೀಳಿ ನೋಡಿದೆ. ಹೊರಗಿನ ರಬ್ಬರಿನ ಒಳಗೆ, ತಾಮ್ರದ ಎಳೆಗಳ ಸಂದಿನಲ್ಲಿ ನೀರು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮೇಲೇರಿದೆ. ಕೇಬಲ್ ಪೆಟ್ಟಿಗೆಗೆ ತೂರುವಲ್ಲಿ ಬಿಗಿದ ಕೇಬಲ್ ಗ್ಲ್ಯಾಂಡ್ ಹೊರಗಿನ ನೀರನ್ನು ತಡೆಯುತ್ತದೆ, ಒಳಗಿನದ್ದನ್ನಲ್ಲ. ಈಗ ಪೆಟ್ಟಿಗೆಯೊಳಗೆ ಬಂದ ಕೂಡಲೇ ಪ್ರತಿ ತಂತಿಯನ್ನೂ ಎರಡು ಸೆಂಟಿಮೀಟರ್ ಸುಲಿದು, ಎಳೆಗಳ ನಡುವೆ ಸೋಲ್ಡರ್ ತುಂಬಿ, ಅಷ್ಟನ್ನೂ ಎಪಾಕ್ಸಿಯಲ್ಲಿ ಮುಳುಗಿಸಿದ್ದೇನೆ. ಆಮೇಲೆ ಹನಿ ನೀರು ಬಂದಿಲ್ಲ. ಹತ್ತೊಂಬತ್ತು ದಿನದ ಅಂಕಿ ಹೋಯಿತು.

ಮೇ. ಒರತೆ ಮನೆಯ ಬಾಗಿಲು ತೆರೆದಿತ್ತು. ಹಸುವೊಂದು ಗಾಳಿ ಸೆನ್ಸರಿನ ತಂತಿಯನ್ನು ನೆಕ್ಕಿ ನೆಕ್ಕಿ ಕಿತ್ತಿದೆ. ಸೋಲ್ಡರ್ ಫ್ಲಕ್ಸ್ ರುಚಿ ಇತ್ತೋ ಏನೋ. ಬಾಗಿಲಿಗೆ ಚಿಲಕ, ತಂತಿಗೆ ಅರ್ಧ ಇಂಚು ಪೈಪಿನ ಹೊದಿಕೆ.

ಜುಲೈ ತಿಂಗಳದ್ದೇ ನಿಜವಾದ ತಲೆನೋವು. ಗಣಿಯ ಬಾಯಲ್ಲೇ ಒಂದು ಪ್ರೋಬ್ ಇಡೋಣ ಎಂದು ಮೂರನೇ ಪೆಟ್ಟಿಗೆ ಕಟ್ಟಿದ್ದೆ. ಮೊದಲ ದಿನ 1,840. ಮೂರು ವಾರದಲ್ಲಿ ನಿಧಾನಕ್ಕೆ 1,610ಕ್ಕೆ ಇಳಿಯಿತು. ನೀರು ಸುಧಾರಿಸುತ್ತಿದೆ ಎಂದು ಖುಷಿಪಡುವ ಹಾಗಿತ್ತು. ಪ್ರೋಬ್ ಎತ್ತಿ ನೋಡಿದರೆ ತಿರುಪುಗಳೇ ಕಾಣುತ್ತಿಲ್ಲ, ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡಿವೆ. ಹಲ್ಲುಜ್ಜುವ ಬ್ರಷ್ಷಿಗೆ ಮೇಲಿನದ್ದು ಹೋಯಿತು, ಕೆಳಗಿನ ಗಟ್ಟಿ ಪದರ ಹೋಗಲಿಲ್ಲ. ವಿನೆಗರ್ ಹಾಕಿ ಕೂತರೆ ಸಂಜೆಯಾಗುತ್ತದೆ.

ಅಪ್ಪ ಫೋನಿನಲ್ಲಿ ಕೇಳಿದರು, "ಎಂತ ಮಾಡ್ತಾ ಇದ್ದಿ?" ತುಕ್ಕು ತಿಕ್ಕುತ್ತಾ ಇದ್ದೇನೆ ಅಂದೆ. "ಹುಳಿ ಹಾಕಿ ತಿಕ್ಕು, ದೀಪದ ಕಂಬ ತಿಕ್ಕುವ ಹಾಗೆ. ಅಷ್ಟೂ ಗೊತ್ತಿಲ್ವಾ?" ಹುಣಸೆಹುಳಿ ಡಬ್ಬ ಕಾರಿನಲ್ಲಿ ಬಂತು. ಬಿಸಿನೀರಿನಲ್ಲಿ ನೆನೆಸಿದ ಹುಳಿಯನ್ನು ಮೆತ್ತಿ ಇಪ್ಪತ್ತು ನಿಮಿಷ ಬಿಟ್ಟು ಬ್ರಷ್ ಮಾಡಿದೆ. ತಿರುಪು ಹೊಳೆಯಿತು. ಒರತೆ ನೀರಿನಲ್ಲಿ ಚೆನ್ನಾಗಿ ತೊಳೆದು ಮತ್ತೆ ಅದ್ದಿದೆ, 1,850. ಮೂರು ವಾರದ ಸುಧಾರಣೆಯೆಲ್ಲ ಕೋಟಿನದ್ದೇ.

ಈಗ ಪ್ರತಿ ಸಲ ಹೀಗೆ ಮಾಡುತ್ತೇನೆ. ತಿಕ್ಕುವ ಮೊದಲು ಒಂದು ಅಂಕಿ, ತಿಕ್ಕಿದ ಮೇಲೆ ಒಂದು ಅಂಕಿ, ಜೊತೆಗೆ ಪಕ್ಕದಲ್ಲಿ ಕೈ ಮೀಟರಿನ ಅಂಕಿ. ತಿಕ್ಕಿದ್ದರಿಂದ ಎಷ್ಟು ಏರಿತೋ ಅಷ್ಟನ್ನು ಹಿಂದಿನ ದಿನಗಳಿಗೆ ಸ್ವಲ್ಪ ಸ್ವಲ್ಪವಾಗಿ ಹಂಚುತ್ತೇನೆ. ಗಣಿ ಬಾಯಲ್ಲಿ ಹತ್ತು ದಿನಕ್ಕಿಂತ ಜಾಸ್ತಿ ಪ್ರೋಬನ್ನು ಅದರ ಪಾಡಿಗೆ ಬಿಡುವುದಿಲ್ಲ. ಒರತೆಯದ್ದಕ್ಕೆ ತಿಂಗಳಿಗೊಮ್ಮೆ ಸಾಕು.

ಬಾಟಲಿಗಳು

ನನ್ನ ಪೆಟ್ಟಿಗೆಯ ಅಂಕಿ ಯಾವ ಕಚೇರಿಯಲ್ಲೂ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಗ್ಯಾರೇಜಿನಲ್ಲಿ ಕಟ್ಟಿದ್ದಲ್ವಾ. ಪೆನ್ಸಿಲ್ವೇನಿಯಾದ 1994ರ ಆಕ್ಟ್ 54 ಪ್ರಕಾರ, ನೆಲದಡಿಯ ಗಣಿಯಿಂದ ಬಾವಿ, ಒರತೆ ಕೆಟ್ಟರೆ ಗಣಿಯವರು ಬದಲಿ ನೀರಿನ ವ್ಯವಸ್ಥೆ ಮಾಡಬೇಕು. ಗಣಿ ಅಗೆದ ಅಂಚಿನಿಂದ 35 ಡಿಗ್ರಿ ಓರೆಯಾಗಿ ಗೆರೆ ಎಳೆದು, ಅದರೊಳಗೆ ಬೀಳುವ ನೀರಿನ ಮೂಲ ಕೆಟ್ಟರೆ ಕಾರಣ ಗಣಿಯೇ ಎಂದು ಮೊದಲಿಗೆ ಎಣಿಸುತ್ತಾರೆ. ಆದರೆ ಮೊದಲಿಂದಲೇ ಹಾಗಿತ್ತು ಎಂದು ಗಣಿಯವರು ತೋರಿಸಿದರೆ ಆ ಎಣಿಕೆ ಬಿದ್ದುಹೋಗುತ್ತದೆ. ಮೊದಲು ಹೇಗಿತ್ತು ಎನ್ನುವುದೇ ಇಡೀ ಜಗಳ. ಗಣಿ ಬಂದ ಮೇಲೆ ಎಷ್ಟು ಚೆನ್ನಾಗಿ ಅಳೆದರೂ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಅದಕ್ಕೆ ಮೂರು ತಿಂಗಳಿಗೊಮ್ಮೆ ರಾಜ್ಯದ ಮಾನ್ಯತೆ ಇರುವ ಲ್ಯಾಬಿಗೆ ಬಾಟಲಿ ಕಳಿಸುತ್ತೇವೆ. ಕಬ್ಬಿಣ, ಮ್ಯಾಂಗನೀಸಿನ ಬಾಟಲಿಗೆ ನೈಟ್ರಿಕ್ ಆಮ್ಲ ಬಿದ್ದಿರಬೇಕು, ಇಲ್ಲದಿದ್ದರೆ ನನ್ನ ಅಡುಗೆಮನೆಯಲ್ಲಿ ಆದ ಹಾಗೆ ಕಬ್ಬಿಣವೆಲ್ಲ ತಳಕ್ಕೆ ಕೂತು, ಮೇಲಿನ ನೀರು ಚೆನ್ನಾಗಿದೆ ಎಂದು ಬರುತ್ತದೆ. ಕರಗಿದ ಕಬ್ಬಿಣ ಬೇರೆ ಬೇಕಿದ್ದರೆ ಆಮ್ಲಕ್ಕೂ ಮೊದಲು, ಅಲ್ಲೇ ಹಳ್ಳದ ದಡದಲ್ಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ಸಲ್ಫೇಟಿನ ಬಾಟಲಿಗೆ ಆಮ್ಲ ಬೇಡ, ಐಸ್ ಪೆಟ್ಟಿಗೆ ಸಾಕು. ಪಿಎಚ್ ಅಲ್ಲೇ ನಿಂತು ನೋಡಬೇಕು, ಕಾರಿನಲ್ಲಿ ತಂದರೆ ಅನಿಲ ಹಾರಿ ಅಂಕಿ ಬದಲಾಗುತ್ತದೆ. ಬಾಟಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಷ್ಟು ಗಂಟೆಗೆ ಎಂದು ಸಹಿ ಹಾಕುವ ಕಾಗದ ಜೊತೆಗೇ ಹೋಗುತ್ತದೆ. ಯಜಮಾನರು ಅದಕ್ಕೆ ಸಹಿ ಹಾಕುವಾಗ ಓದುವ ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದುತ್ತಾರೆ. ನನಗೆ ಲ್ಯಾಬ್ ಮುಚ್ಚುವ ಹೊತ್ತಾಯಿತು ಎಂಬ ಚಡಪಡಿಕೆ.

ಹಾಗಾದರೆ ಪೆಟ್ಟಿಗೆಗಳು ಯಾಕೆ? ಬಾಟಲಿ ವರ್ಷಕ್ಕೆ ನಾಲ್ಕು ದಿನದ ಕತೆ ಹೇಳುತ್ತದೆ. ಪೆಟ್ಟಿಗೆ ಉಳಿದ ದಿನಗಳದ್ದು ಹೇಳುತ್ತದೆ. ಮಾರ್ಚಿನಲ್ಲಿ 24 ಲೀಟರ್ ಇದ್ದ ಒರತೆ ಸೆಪ್ಟೆಂಬರ್ ಕೊನೆಗೆ 9ಕ್ಕೆ ಇಳಿದಿತ್ತು. ಗಣಿ ಇನ್ನೂ ಹತ್ತಿರಕ್ಕೂ ಬಂದಿಲ್ಲ, ಇದು ಬರೀ ಬೇಸಿಗೆ. ಇದನ್ನು ಈಗಲೇ ನೋಡಿಟ್ಟುಕೊಳ್ಳದಿದ್ದರೆ ಇನ್ನೆರಡು ವರ್ಷದ ಮೇಲೆ ಸೆಪ್ಟೆಂಬರಿನ 9 ಲೀಟರ್ ನೋಡಿ ಯಜಮಾನರು ಗಣಿಯನ್ನು ಬೈಯುತ್ತಿದ್ದರು. ಅಥವಾ ಗಣಿಯಿಂದಲೇ ಕಮ್ಮಿಯಾದರೂ ಬೇಸಿಗೆ ಅಲ್ವಾ ಎಂದು ಇನ್ಯಾರೋ ಸಮಾಧಾನ ಹೇಳುತ್ತಿದ್ದರು. ವಾಹಕತೆ ಮಾತ್ರ ಅಷ್ಟೂ ತಿಂಗಳು 405ರಿಂದ 430ರ ಒಳಗೇ ಇದೆ.

ಯಜಮಾನರು ಈಗ ನನ್ನನ್ನು ಕಾಯುವುದಿಲ್ಲ. ಭಾನುವಾರ ಬೆಳಗ್ಗೆ ತಾವೇ ಬಕೆಟ್ ಹಿಡಿದು, ಹಳೇ ಗಣಿಯ ದಿನಗಳ ಜೇಬು ಗಡಿಯಾರ ನೋಡಿಕೊಂಡು, ಒರತೆ ಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಸೆಕೆಂಡು ಬರೆಯುತ್ತಾರೆ. ಸೀಮೆಸುಣ್ಣ ಅಳಿಸಿಹೋಗುತ್ತದೆ, ಪುಸ್ತಕದಲ್ಲಿ ಬರೆಯಿರಿ ಎಂದು ಒಂದು ನೋಟ್‌ಬುಕ್ ಕೊಟ್ಟೆ. ಪುಸ್ತಕದಲ್ಲೂ ಬರೆಯುತ್ತಾರೆ, ಬಾಗಿಲಲ್ಲೂ ಬರೆಯುತ್ತಾರೆ.

ಇದನ್ನು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು. ಈಗ ಅವರೂ ಸುರಂಗದ ಪೈಪಿಗೆ ಕೊಡಪಾನ ಹಿಡಿಯಲು ಶುರು ಮಾಡಿದ್ದಾರೆ. ಮೊನ್ನೆ ಫೋನ್ ಮಾಡಿ ಕೇಳಿದರು, "ಕೊಡಪಾನದ ಬಾಯಿ ಸಣ್ಣದು ಮಾರಾಯ. ನೀರು ಹೊರಗೆ ಹಾರ್ತದೆ. ಅದು ಲೆಕ್ಕಕ್ಕೆ ಉಂಟಾ ಇಲ್ವಾ?" ಬಾಯಿ ಅಗಲದ ಬಕೆಟ್ ತೆಗೊಳ್ಳಿ ಅಂದೆ. ಅದಕ್ಕೆ ತೂತು ಉಂಟಂತೆ.

ಈ ಶನಿವಾರ ಹೋಗುವಾಗ ಒಯ್ಯಬೇಕಾದದ್ದು: ಎರಡು ಓ-ರಿಂಗ್, ಹೊಸ ಸಿಲಿಕಾ ಜೆಲ್, 1413ರ ದ್ರಾವಣ, ಹುಣಸೆಹುಳಿ. ಹಳ್ಳದ ಪೆಟ್ಟಿಗೆಯ ಸೆಲ್ ಹತ್ತು ತಿಂಗಳಿಗೇ 4.1 ವೋಲ್ಟಿಗೆ ಬಂದಿದೆ, ಹಿಮ ಬೀಳುವ ಮೊದಲು ಬದಲಾಯಿಸಬೇಕು. ಕಾಗದದ ಒಂದೂವರೆ ವರ್ಷ ಎಲ್ಲಿ ಸೋರಿತು ಎಂದು ಮೀಟರ್ ಹಿಡಿದು ನೋಡುವುದು ಬಾಕಿ ಇದೆ. ಅನುಮಾನ ಎಸ್‌ಡಿ ಕಾರ್ಡಿನ ಮೇಲೆ.